ಶಂಕ್ರೆವ್ವನ ನಲವತ್ತು ಸೆಕೆಂಡು

ನನ್ನ ಹೆಸರು ಮಂದಾರ. ಬನಹಟ್ಟಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ಮದುವೆ, ಕುಬಸ, ಪಾಸ್‌ಪೋರ್ಟ್ ಸೈಜು, ಎಲ್ಲ ತೆಗೆಯುತ್ತೇನೆ. ಸತ್ತವರ ಫೋಟೋಕ್ಕೆ ಕೋಟು ತೊಡಿಸಿ ದೊಡ್ಡದು ಮಾಡಿಕೊಡುವುದರಲ್ಲಂತೂ ನನ್ನ ಕೈ ಪಳಗಿದೆ. ಆದರೆ ನನ್ನ ಕೆಲಸದಲ್ಲಿ ತಪ್ಪು ಹುಡುಕುವವರನ್ನು ಕಂಡರೆ ಮಾತ್ರ ನನಗಾಗದು.

ನಕ್ಷಿ ಯಲ್ಲಾಲಿಂಗ ಕಾಕಾ ಹುಡುಕಿದರು. ನಕ್ಷಿ ಅವರ ಅಡ್ಡಹೆಸರಲ್ಲ, ಕೆಲಸದ ಹೆಸರು. ಸೀರೆಯ ಅಂಚಿಗೆ, ಸೆರಗಿಗೆ ಬರುವ ಹೂಬಳ್ಳಿಯನ್ನು ಗ್ರಾಫ್ ಹಾಳೆಯಲ್ಲಿ ಚೌಕ ಚೌಕವಾಗಿ ಕಪ್ಪು ತುಂಬಿ ಬರೆದುಕೊಡುವುದು ನಕ್ಷಿಯವನ ಕೆಲಸ. ಅದನ್ನು ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾರೆ, ಆ ಕಾರ್ಡು ಹೇಳಿದಂತೆ ಮಗ್ಗ ಎಳೆ ಎತ್ತುತ್ತದೆ. ಈಗ ಅದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ಹತ್ತು ವರ್ಷದಿಂದ ಕಾಕಾರ ಬಾಗಿಲಿಗೆ ಯಾವ ನೇಕಾರನೂ ಬಂದಿರಲಿಲ್ಲ.

ಹೋದ ವರ್ಷ ಅವರ ಹೆಂಡತಿ ಶಂಕ್ರೆವ್ವ ತೀರಿಕೊಂಡರು. ಮಕ್ಕಳಿರಲಿಲ್ಲ. ತಿಂಗಳಾದ ಮೇಲೆ ಕಾಕಾ ಒಂದು ಹಳೆಯ ಫೋಟೋ ಹಿಡಿದು ಬಂದರು.

“ಇಕೀನ್ನ ನಡಸಾಕ ಬರತೈತೇನ್ರಿ? ಮೊಬೈಲ್‌ನ್ಯಾಗ ಮಾಡತಾರಂತ.”

ಅದೇನು ಮಹಾ ಕೆಲಸ ಅಂದುಕೊಂಡು ಫೋಟೋವನ್ನು ಮೊಬೈಲಿಗೆ ಹಾಕಿದೆ. ಎರಡು ನಿಮಿಷಕ್ಕೆ ಶಂಕ್ರೆವ್ವ ಬಣ್ಣದ ಸೀರೆಯುಟ್ಟು ನಗುತ್ತ ಬಳುಕುತ್ತ ನಡೆದಳು. ನನಗೇ ಖುಷಿಯಾಯಿತು. ಕಾಕಾ ಕಣ್ಣು ಕಿರಿದು ಮಾಡಿ ಮೂರು ಸಲ ನೋಡಿದರು.

“ಇಕಿ ಯಾರ್ರಿ?”

“ನಿಮ್ಮಾಕೀನ ಅಲ್ರಿ ಕಾಕಾ!”

“ಅಲ್ಲ. ನಮ್ಮಾಕಿ ಎಡಗಾಲ ಎಳೀತಿದ್ಳು. ಸೊಂಟದ ಮ್ಯಾಲ ನೂಲಿನ ಕಂಡಿಕಿ ಬುಟ್ಟಿ ಇರತಿತ್ತು. ಇಕಿ ಯಾರೋ ಸಿನಿಮಾದಾಕಿ.”

ನನಗೆ ಪಿತ್ತ ನೆತ್ತಿಗೇರಿತು. “ಹಂಗಾರ ನೀವ ತಗೀರಲ್ಲ!” ಎಂದುಬಿಟ್ಟೆ. ಅವರು ಫೋಟೋವನ್ನು ಜೇಬಿಗಿಟ್ಟುಕೊಂಡು, “ಆತು, ತಗೀತೀನಿ” ಎಂದು ಹೋದರು. ಸಿಟ್ಟಿನಲ್ಲಿ ಹೋದರು ಅಂದುಕೊಂಡೆ. ಅವರು ಖರೇನೇ ಹೇಳಿದ್ದರು, ಹೆಂಡತಿ ನಡೆಯುವುದನ್ನು ಹಾಳೆ ಹಾಳೆಯಾಗಿ ಬರೆಯಲು ಕೂತಿದ್ದರು.

ಅವರು ಹುಡುಗನಾಗಿದ್ದಾಗ ನಮ್ಮೂರಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ದೊಡ್ಡ ಚಿತ್ರಕ್ಕೆ ಮೊದಲು ಒಂದು ಚಿಕ್ಕ ಕಪ್ಪು-ಬಿಳುಪು ಕಾರ್ಟೂನು ತೋರಿಸುತ್ತಿದ್ದರಂತೆ. ಅದರಲ್ಲಿ ಒಂದು ಹುಂಜ ಬೇಲಿಯ ಮೇಲೆ ಕುಣಿಯುತ್ತಿತ್ತು. ತುಂಡಾಗಿ ಬಿದ್ದಿದ್ದ ರೀಲಿನ ಚೂರೊಂದನ್ನು ಕಾಕಾ ಎತ್ತಿಕೊಂಡು ಬಂದಿದ್ದರು. ಹನ್ನೊಂದು ಚಿತ್ರ, ಹನ್ನೊಂದರಲ್ಲೂ ಅದೇ ಹುಂಜ, ಕಾಲು ಮಾತ್ರ ಒಂದರಿಂದೊಂದಕ್ಕೆ ಕೂದಲೆಳೆಯಷ್ಟು ಮೇಲೆ. ಮುಂದೆ ಜಕಾರ್ಡ್ ಮಗ್ಗ ನೋಡಿದಾಗ ಅವರಿಗೆ ಅದು ಹೊಸದೆನಿಸಲಿಲ್ಲ. ಒಂದು ಕಾರ್ಡಿಗೆ ಒಂದು ಎಳೆ, ಒಂದು ಚಿತ್ರಕ್ಕೆ ಒಂದು ಹೆಜ್ಜೆ, ಎರಡೂ ಒಂದೇ ಕಸುಬು ಎನ್ನುತ್ತಿದ್ದರು.

ಕುತೂಹಲಕ್ಕೆಂದು ಒಮ್ಮೆ ಅವರ ಮನೆಗೆ ಹೋದೆ. ಸ್ಟೂಲಿನ ಮೇಲೆ ಕಿಟಕಿಯ ಗಾಜು, ಗಾಜಿನ ಕೆಳಗೆ ಬಲ್ಬು. ಹಾಳೆ ಅಲುಗಾಡದಂತೆ ಗಾಜಿನ ಅಂಚಿನ ಹಲಗೆಗೆ ಎರಡು ಮೊಳೆ. ಹಿಂದಿನ ಚಿತ್ರ ಕೆಳಗಿನಿಂದ ಮಸುಕಾಗಿ ಕಾಣುತ್ತಿತ್ತು, ಅದರ ಮೇಲೆ ಹೊಸದನ್ನು ಬರೆಯುತ್ತಿದ್ದರು. ಓಣಿ, ಗೋಡೆ, ಕಟ್ಟೆ, ಕರೆಂಟಿನ ಕಂಬ, ಎಲ್ಲವನ್ನೂ ಪ್ರತಿ ಹಾಳೆಯಲ್ಲೂ ಮತ್ತೆ ಬರೆಯುತ್ತಿದ್ದರು. ಸೆಕೆಂಡಿಗೆ ಹನ್ನೆರಡು ಹಾಳೆ, ನಲವತ್ತು ಸೆಕೆಂಡಿಗೆ ನಾನೂರ ಎಂಬತ್ತು. ಮೂಗಿಗಿಂತ ಮೂಗುತಿ ಭಾರ ಅಂತ ನಾನು ನಕ್ಕೆ.

“ಬಣ್ಣರೆ ಹಾಕ್ರಿ ಕಾಕಾ.”

“ಬಣ್ಣ ನೇಕಾರ ಹಾಕತಾನ್ರಿ. ನಕ್ಷಿಯಾಂವಂದು ಕರಿದು-ಬಿಳಿದು ಅಷ್ಟ.”

ಎಲ್ಲ ಹಾಳೆಗಳಲ್ಲೂ ಶಂಕ್ರೆವ್ವನ ಬೆನ್ನೇ ಇತ್ತು. ತುರುಬು, ಸೆರಗು, ಬುಟ್ಟಿ, ಎಳೆಯುವ ಎಡಗಾಲು. ಮುಖ ಯಾಕಿಲ್ಲ ಎಂದು ಕೇಳಿದೆ. ಅವರು ಕುಂಚ ಕೆಳಗಿಟ್ಟರು.

ಶಂಕ್ರೆವ್ವ ಮನೆಯಲ್ಲಿ ನೂಲು ಸುತ್ತಿ, ಆ ಕಂಡಿಕೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಓಣಿಯಾಚೆಯ ಪವರ್‌ಲೂಮಿಗೆ ದಿನಾ ಒಯ್ಯುತ್ತಿದ್ದರು. ಹೋಗುವಾಗ ಗಂಡನ ಪಕ್ಕ ಚಹಾ ಇಟ್ಟು ಹೋಗುತ್ತಿದ್ದರು. ಕಾಕಾ ಚಹಾ ಕುಡಿಯುತ್ತ, ಆಕೆ ತಿರುವಿನಲ್ಲಿ ಮರೆಯಾಗುವವರೆಗೆ ಕಿಟಕಿಯಿಂದ ನೋಡುತ್ತಿದ್ದರು. ದಿನದಲ್ಲಿ ಅವರು ತಲೆಯೆತ್ತುತ್ತಿದ್ದುದು ಅಷ್ಟೇ ಹೊತ್ತು. ಆಕೆ ವಾಪಸು ಬಂದು ಹೊಸ್ತಿಲಲ್ಲಿ “ಬಂದ್ನಿ” ಎಂದರೆ, ಇವರು ಗ್ರಾಫಿನಿಂದ ಕಣ್ಣು ತೆಗೆಯದೆ “ಹ್ಞೂಂ” ಎನ್ನುತ್ತಿದ್ದರು. ಒಂದು ಚೌಕ ತಪ್ಪಿದರೆ ಇಡೀ ಸೀರೆ ಕೆಡುತ್ತದಲ್ಲ. ನೇಕಾರರು ಬರುವುದು ನಿಂತ ಮೇಲೂ ಆ ರೂಢಿ ಬಿಡದೆ ನಕ್ಷಿ ಬರೆಯುತ್ತಲೇ ಕೂತಿರುತ್ತಿದ್ದರು.

“ಬರೂದು ನೋಡಿಲ್ರಿ. ನೋಡದ್ದನ್ನ ಹ್ಯಾಂಗ ತಗೀಲಿ?”

ನಗಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಫೋಟೋ ತೆಗೆದು ಒಂದಕ್ಕೊಂದು ಜೋಡಿಸಿ ಓಡಿಸುವುದು ನನಗಿರಲಿ ಎಂದೆ. ಆಗ ಅವರು ಇನ್ನೊಂದು ಸಂಗತಿ ಹೇಳಿದರು. ಜಮಖಂಡಿಯ ಕಣ್ಣಿನ ಡಾಕ್ಟರು, ನರ ಒಣಗುತ್ತಿದೆ, ನೋಡುವುದೇನಾದರೂ ಇದ್ದರೆ ಈ ವರ್ಷವೇ ನೋಡಿಕೊಳ್ಳಿ ಎಂದಿದ್ದರಂತೆ.

ಎಂಟು ತಿಂಗಳು ಬರೆದರು. ಹನಿ ಹನಿ ಗೂಡಿದರೆ ಹಳ್ಳ ಎನ್ನುತ್ತಾರೆ, ಆದರೆ ಆ ಮನೆಯಲ್ಲಿ ಹನಿ ಬೀಳುವುದನ್ನು ನೋಡಲು ಇನ್ನೊಂದು ಜೀವವಿರಲಿಲ್ಲ. ಎದುರು ಮನೆಯ ತಾರವ್ವ ರೊಟ್ಟಿ ಕೊಟ್ಟು ಹೋಗುತ್ತಿದ್ದಳು, ಸಂಜೆಗೆ ಅದು ಹಾಗೆಯೇ ಇರುತ್ತಿತ್ತಂತೆ. ಕೊನೆಕೊನೆಗೆ ಗೆರೆಗಳು ದಪ್ಪವಾದವು. ಹಾಳೆಗೆ ಮೂಗು ತಾಗಿಸಿ ಬರೆಯುತ್ತಿದ್ದುದರಿಂದ ಮೂಗಿನ ತುದಿಗೆ ಯಾವಾಗಲೂ ಮಸಿ.

ದೀಪಾವಳಿ ಕಳೆದ ಮೇಲೆ ಕಟ್ಟನ್ನು ತಂದುಕೊಟ್ಟರು. ಕೂತು ನೋಡಿ ಎಂದರೆ ಒಪ್ಪಲಿಲ್ಲ. ನಕ್ಷಿ ಕೊಟ್ಟ ಮೇಲೆ ಸೀರೆ ಮಗ್ಗದಿಂದ ಇಳಿಯುವವರೆಗೆ ಅವರು ಎಂದೂ ಹೋಗಿ ಇಣುಕಿದವರಲ್ಲ. “ಇಳದ ಮ್ಯಾಲ ಕರೀರಿ” ಎಂದು ಹೋದರು.

ಮೂರು ದಿನ ಅಂಗಡಿಯ ಅರ್ಧ ಬಾಗಿಲು ಹಾಕಿ ಕೆಲಸ ಮಾಡಿದೆ. ಹಾಳೆಗಳಿಗೆ ನಂಬರ್ ಇರಲಿಲ್ಲ. ಮೇಲಿನಿಂದ ಒಂದೊಂದೇ ಎತ್ತಿ ಫೋಟೋ ಹೊಡೆದೆ. ಕಾಕಾರಿಗಿಂತ ಮೊದಲು ನೋಡುವುದು ಬೇಡವೆಂದು ಓಡಿಸಿ ನೋಡಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಕಾಕಾರನ್ನು ಕರೆಸಿ, ಪರದೆಯ ಹತ್ತಿರ ಕುರ್ಚಿ ಹಾಕಿ ಕೂರಿಸಿದೆ.

ಖಾಲಿ ಓಣಿ ಬಂತು. ಪ್ರತಿ ಹಾಳೆಗೂ ಹೊಸದಾಗಿ ಬರೆದದ್ದಲ್ಲವೇ, ಗೋಡೆ, ಕಂಬ, ಕಟ್ಟೆ ಎಲ್ಲ ಸಣ್ಣಗೆ ನಡುಗುತ್ತಿದ್ದವು. ದೂರದ ತಿರುವಿನಲ್ಲಿ ಒಂದು ಕಪ್ಪು ಚುಕ್ಕೆ ಮೂಡಿತು. ಚುಕ್ಕೆಗೆ ತುರುಬು ಬಂತು, ಬುಟ್ಟಿ ಬಂತು. ಶಂಕ್ರೆವ್ವ ನಮಗೆ ಬೆನ್ನು ಮಾಡಿಕೊಂಡು, ಎಡಗಾಲೆಳೆಯುತ್ತ, ಹಿಮ್ಮುಖವಾಗಿ ನಮ್ಮ ಕಡೆಗೇ ಬರುತ್ತಿದ್ದಳು.

“ಕಾಕಾ, ಉಲ್ಟಾ ಆತಲ್ರಿ! ಮೊದಲನೇ ಹಾಳಿ ಮ್ಯಾಲ ಇರಬೇಕಲ್ಲ?”

“ಮೊದಲನೇದು ತಳಕ್ಕ ಇರತೈತಿ,” ಎಂದರು, ಪರದೆಯಿಂದ ಕಣ್ಣು ತೆಗೆಯದೆ. “ಸೀರಿ ತಳದಿಂದ ಮ್ಯಾಲ ಬೆಳೀತೈತಿ. ನಕ್ಷಿ ಓದೂದೂ ಹಂಗ. ನೇಕಾರೋಣ್ಯಾಗ ಅಂಗಡಿ ಇಟ್ಟೀರಿ, ಅಷ್ಟೂ ಗೊತ್ತಿಲ್ಲೇನ್ರಿ?”

ತಪ್ಪು ನನ್ನದೇ, ಸಿಟ್ಟು ಮಾಡಲೂ ಬಾಯಿಲ್ಲ. “ಒಂದ ನಿಮಿಷ, ಈಗ ತಿರುವಿ ಹಾಕತೀನಿ,” ಎಂದು ಮೌಸಿಗೆ ಕೈ ಹಾಕಿದೆ. ಕಾಕಾ ನನ್ನ ಮಣಿಕಟ್ಟು ಹಿಡಿದರು. ಆ ಮುದಿ ಕೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

“ಬ್ಯಾಡ್ರಿ. ಹೋಗೂದನ್ನ ನಲವತ್ತ ವರ್ಷ ನೋಡೇನಿ.”

ಶಂಕ್ರೆವ್ವ ಹತ್ತಿರವಾಗುತ್ತ ದೊಡ್ಡದಾಗಿ ಕಾಣತೊಡಗಿದಳು. ಕಟ್ಟೆ ದಾಟಿದಳು, ಹೊಸ್ತಿಲಿಗೆ ಬಂದಳು. ಕೊನೆಗೆ ಅವಳ ಬೆನ್ನಿನ ಕಪ್ಪು ಪರದೆಯನ್ನೆಲ್ಲ ತುಂಬಿ ಚಿತ್ರ ನಿಂತಿತು. ಮಸಿ ಮೆತ್ತಿದ ಮೂಗನ್ನು ಪರದೆಗೆ ಹತ್ತಿರ ಹಿಡಿದಿದ್ದ ಕಾಕಾ ನಿಧಾನಕ್ಕೆ ತಲೆಯೆತ್ತಿದರು.

“ಬಂದ್ಯಾ ಬೇ?” ಎಂದು ಕೇಳಿದರು.

ಹೊರಗೆ ಓಣಿಯ ಮಗ್ಗಗಳು ಖಟಖಟ ಎನ್ನುತ್ತಿದ್ದವು. ನಾನು ಚಿತ್ರವನ್ನು ಮತ್ತೆ ಮೊದಲಿನಿಂದ ಹಚ್ಚಿದೆ.