ಹದಿನೇಳು ಬಿದ್ದಿತ್ತು

ಅಂದು ದಾಳದಲ್ಲಿ ಬಿದ್ದದ್ದು ಹದಿನೇಳು. ನಾನು ಮೂರು ಎಂದೆ.

ನಾನು ಮಾಡಿದ್ದು ಇಷ್ಟೇ. ಓದಿದವರು ನಗಬಹುದು — ಆಟದಲ್ಲಿ ಆಡಿದ ಒಂದು ಸುಳ್ಳಿಗೆ ಇಷ್ಟು ವರ್ಷದ ಮೇಲೆ ಇಷ್ಟೊಂದು ಬರೆಯಬೇಕೇ ಎಂದು. ನಾನೂ ಒಂಬತ್ತು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಲು ನೋಡಿದೆ ಎನ್ನುವುದು ಹೆಚ್ಚು ನಿಜವಿರಬಹುದು.

ರಾಮಕೃಷ್ಣನಗರದಲ್ಲಿ ನನ್ನ ಗೆಳೆಯ ಹರ್ಷನ ಮನೆ. ಮಹಡಿಯ ಮೇಲೊಂದು ಕೋಣೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಲ್ಲಿ ಸೇರುತ್ತಿದ್ದೆವು — ಹರ್ಷ, ಅವನ ಆಫೀಸಿನ ರೇಖಾ, ನಾನು. ನಾನು ಆಗ ಪಾಲಿಟೆಕ್ನಿಕ್ಕಿನಲ್ಲಿ ನಕ್ಷೆ ಬಿಡಿಸುವುದನ್ನು ಕಲಿಸುತ್ತಿದ್ದೆ, ಈಗಲೂ ಅದೇ ಕೆಲಸ. ನಾವು ಆಡುತ್ತಿದ್ದದ್ದು ಪಾತ್ರ ವಹಿಸುವ ಆಟ. ಇಲ್ಲದ ಒಂದು ಲೋಕವನ್ನು ಒಬ್ಬ ಕಟ್ಟುತ್ತಾನೆ. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ, ಈಗ ಏನು ಮಾಡುತ್ತೇನೆ, ಯಾರಿಗೆ ಏನು ಹೇಳುತ್ತೇನೆ ಎಂದು ಬಾಯಲ್ಲೇ ಹೇಳುತ್ತಾ ಹೋಗುತ್ತಾರೆ. ಆಗುತ್ತದೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಲೋಕ ಕಟ್ಟಿದವನು ನಾನು. ಅದರ ಬೆಟ್ಟ, ಹೊಳೆ, ರಾಜರು, ರಾಕ್ಷಸರು — ಎಲ್ಲ ನನ್ನದು. ನಿಯಮವೂ ನನ್ನದೇ.

ನಿಯಮದಲ್ಲಿ ಮುಖ್ಯವಾದದ್ದು ಲೆವೆಲ್. ಪಾತ್ರವೊಂದು ಹುಟ್ಟುವಾಗ ಒಂದನೇ ಲೆವೆಲಿನಲ್ಲಿರುತ್ತದೆ; ಆಗ ಬೀದಿನಾಯಿ ಕಚ್ಚಿದರೂ ಸಾಯಬಹುದು. ಗೆದ್ದಂತೆಲ್ಲ ಅಂಕ ಕೂಡುತ್ತದೆ, ಅಂಕ ಕೂಡಿದರೆ ಲೆವೆಲ್ ಏರುತ್ತದೆ. ಐದಕ್ಕೆ ಬಂದವನು ನಾಲ್ಕು ಸೈನಿಕರನ್ನು ಒಬ್ಬನೇ ಎದುರಿಸಬಲ್ಲ. ಆದರೆ ಪ್ರತಿ ಲೆವೆಲಿಗೂ ಹಿಂದಿನದರ ಎರಡರಷ್ಟು ಅಂಕ ಬೇಕು. ಹಾಗಾಗಿ ಆವರೆಗೆ ಯಾರೂ ಆರನ್ನು ದಾಟಿರಲಿಲ್ಲ. ಸತ್ತರೆ ಮುಗಿಯಿತು — ಹೊಸ ಪಾತ್ರ, ಮತ್ತೆ ಒಂದರಿಂದ. ಹತ್ತನೇ ಲೆವೆಲಿಗೆ ನಾನೊಂದು ದೊಡ್ಡ ವರ ಇಟ್ಟಿದ್ದೆ. ಹತ್ತಕ್ಕೆ ಬಂದ ಪಾತ್ರಕ್ಕೆ ಈ ಲೋಕದಲ್ಲಿ ತನ್ನದೇ ಒಂದು ಸೀಮೆ ಸಿಗುತ್ತದೆ. ಆ ಸೀಮೆಯೊಳಗೆ ಅವರ ಮಾತೇ ಮಾತು, ಆಟ ನಡೆಸುವ ನಾನೂ ಅದನ್ನು ಬದಲಿಸುವಂತಿಲ್ಲ. ಯಾರೂ ಅಲ್ಲಿಯವರೆಗೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ಬರೆದ ನಿಯಮ ಅದು.

ವಸಂತಾ ಚಿಕ್ಕಮ್ಮ ಮೊದಲ ದಿನ ಮೇಲೆ ಬಂದದ್ದು ಕೋಡುಬಳೆ ಕೊಡಲು. ಅವರು ಹರ್ಷನ ತೀರಿಹೋದ ಚಿಕ್ಕಪ್ಪನ ಹೆಂಡತಿ. ಅದೇ ಮನೆಯಲ್ಲಿ, ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಹುಟ್ಟಿದ್ದು ನರಸೀಪುರದ ಕಡೆಯ ಹಳ್ಳಿಯಲ್ಲಿ, ಬೇಸಾಯದ ಮನೆ. ಓದಿದ್ದು ಹತ್ತನೇ ತರಗತಿ. ತಟ್ಟೆ ಹಿಡಿದು ಹತ್ತು ನಿಮಿಷ ನಿಂತರು. ಆಮೇಲೆ ಕೂತರು. ಮುಂದಿನ ವಾರ ಅಳತೆ ಬರೆಯುವ ಪುಸ್ತಕ ತಂದು ಅದರ ಹಿಂದಿನ ಹಾಳೆಯಲ್ಲಿ ತಮ್ಮ ಪಾತ್ರದ ಹೆಸರು ಬರೆದರು — ಕೆಂಚಿ.

ಕೆಂಚಿ ಕುಂಬಾರಗಿತ್ತಿ. ಕತ್ತಿಯಿಲ್ಲ, ಮಂತ್ರವಿಲ್ಲ. ಎರಡು ವಾರದಲ್ಲಿ ಸಾಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಡೆದಾಟದ ನಡುವೆ ಹೋಗಿ ನಿಂತು ಮಾತಾಡುತ್ತಿದ್ದಳು. ಎದುರಿನವನಿಗೆ ಏನು ಬೇಕೆಂದು ವಿಚಾರಿಸುತ್ತಿದ್ದಳು. ರಾಕ್ಷಸನನ್ನು ಕೊಂದ ಹರ್ಷನಿಗೆ ನಾನು ಅಂಕ ಕೊಟ್ಟು, ಜಗಳ ಬಿಡಿಸಿದ ಕೆಂಚಿಗೆ ಕೊಡದೆ ಇದ್ದಾಗ ಚಿಕ್ಕಮ್ಮ ಕೇಳಿದರು: “ಹೊಡುದ್ರೆ ಹತ್ತು ಅಂಕ ಕೊಡ್ತೀಯ. ಬುಡುಸುದ್ರೆ ಯಾಕಿಲ್ಲ ಶ್ರೀಧರ?”

ಬಿಡಿಸಿದರೂ ಅಷ್ಟೇ ಅಂಕ ಎಂದು ನಿಯಮ ತಿದ್ದಿದೆ.

ಮೂರು ವರ್ಷದಲ್ಲಿ ಕೆಂಚಿ ಒಂಬತ್ತಕ್ಕೆ ಬಂದಳು. ಹರ್ಷ, ರೇಖಾ ಇಬ್ಬರದೂ ಐದೋ ಆರೋ. ಒಮ್ಮೆ ಚಿಕ್ಕಮ್ಮ ತಮಗೆ ತಾವೇ ಹೇಳಿಕೊಂಡಂತೆ ಅಂದಿದ್ದರು, ಲೆವೆಲ್ ಅಂದರೆ ಬಲವಲ್ಲ, ನಾವು ಹೇಳಿದ್ದನ್ನು ಜನ ಎಷ್ಟು ಕೇಳಬೇಕು ಅನ್ನೋದು ಎಂದು. ಲೋಕ ಕಟ್ಟಿದ ನನಗೆ ಅದು ಹೊಳೆದಿರಲಿಲ್ಲ. ಅಷ್ಟು ಹೊತ್ತಿಗೆ ಉಳಿದವರು ಮುಂದೇನು ಎಂದು ನನ್ನ ಮುಖ ನೋಡುವುದನ್ನು ಬಿಟ್ಟಿದ್ದರು — ಚಿಕ್ಕಮ್ಮನ ಮುಖ ನೋಡುತ್ತಿದ್ದರು. ನಾನು ವಾರವೆಲ್ಲ ಕೂತು ಬರೆದು ತಂದ ಯುದ್ಧವನ್ನು ಅವರು ಕಾಲು ಗಂಟೆಯಲ್ಲಿ ನಿಲ್ಲಿಸಿಬಿಡುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟುತ್ತಿದ್ದೆ.

ಇನ್ನೊಂದು ಸಂಗತಿ ಇದೆ. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆಯಬಹುದಾಗಿತ್ತು — ಆದರೆ ಗೊತ್ತಿತ್ತು.

ಆ ವರ್ಷ ಹರ್ಷನ ತಂದೆ ಕಾರು ಕೊಂಡಿದ್ದರು. ನಿಲ್ಲಿಸಲು ಜಾಗವಿರಲಿಲ್ಲ. ಚಿಕ್ಕಮ್ಮ ಹೊಲಿಯುವ ಕೋಣೆಯ ಗೋಡೆ ಒಡೆದು ಅಲ್ಲಿ ಕಾರು ನಿಲ್ಲಿಸುವುದೆಂದು ಅವರು ಮನೆಯಲ್ಲಿ ಹೇಳಿದ್ದರು. ಹೊಲಿಗೆ ಇನ್ನು ಯಾಕೆ, ಊಟಕ್ಕೇನು ಕಮ್ಮಿ ಎಂದಿದ್ದರು. ಚಿಕ್ಕಮ್ಮ ಭಾವನ ಎದುರಿಗೆ ನಿಂತು ಮಾತಾಡಿದವರಲ್ಲ. ಒಂದು ಭಾನುವಾರ ಆಟ ಮುಗಿದು ನಾನು ಮೆಟ್ಟಿಲಿಳಿಯುವಾಗ ಅವರು ಹಿಂದೆಯೇ ಬಂದರು. ಈ ವಿಷಯ ಹೇಳಿ, ಸ್ವಲ್ಪ ನಕ್ಕು, “ಕೆಂಚಿ ಹತ್ತುಕ್ ಬರ್ಲಿ. ಆಮೇಲೆ ಭಾವನವ್ರ ಹತ್ರ ನಾನೇ ಮಾತಾಡ್ತೀನಿ. ಆಗಲ್ಲ ಅಂತ ಹೇಳ್ಬುಡ್ತೀನಿ” ಎಂದರು.

ನಾನು, ಹೇಳಿ ಚಿಕ್ಕಮ್ಮ, ಹೇಳಲೇಬೇಕು ಎಂದೆ. ಹಾಗೆಂದು ಗಾಡಿ ಹತ್ತಿ ಹೊರಟೆ.

ಅದಾಗಿ ಎರಡು ವಾರಕ್ಕೆ ಕೆಂಚಿ ಸೇತುವೆಯ ಹತ್ತಿರ ಬಂದಳು. ಆಚೆ ಒಂದು ಸೈನ್ಯ, ಈಚೆ ಒಂದು ಸೈನ್ಯ. ಅವಳು ನಡುವೆ ಹೋಗಿ ನಿಂತಳು. ಇದೊಂದು ಯುದ್ಧ ನಿಂತರೆ ಹತ್ತನೇ ಲೆವೆಲಿಗೆ ಬೇಕಾದ ಅಂಕ ತುಂಬುತ್ತಿತ್ತು. ಚಿಕ್ಕಮ್ಮ ಆ ದಿನ ಆಡಿದ ಮಾತು ನನಗೆ ಪೂರ್ತಿ ನೆನಪಿಲ್ಲ. ಬಿತ್ತನೆಯ ಕಾಲ, ಸತ್ತವರ ಹೊಲ ಉಳುವವರು ಯಾರು ಎನ್ನುವಂಥ ಮಾತು. ದೊಡ್ಡ ದನಿಯಲ್ಲ. ರೇಖಾ ತನ್ನ ಅಂಕ ಬರೆಯುವುದು ನಿಲ್ಲಿಸಿ ಕೇಳುತ್ತಿದ್ದಳು.

ಸಾವು ಬದುಕಿನ ದಾಳವನ್ನು ಆಟ ನಡೆಸುವವನೇ ಮರೆಯಲ್ಲಿ ಎಸೆಯಬೇಕು ಎನ್ನುವುದೂ ನನ್ನ ನಿಯಮ. ನನ್ನ ಮುಂದೆ ಪರೀಕ್ಷೆಗೆ ಒಯ್ಯುವಂಥ ಎರಡು ರಟ್ಟು ನಿಲ್ಲಿಸಿರುತ್ತಿದ್ದೆ. ಕೆಂಚಿಯ ಲೆವೆಲ್ ಎಷ್ಟು ಮೇಲಿತ್ತೆಂದರೆ ಎಂಟು ಬಿದ್ದರೂ ಸಾಕು, ಸೈನ್ಯಗಳು ಅವಳ ಮಾತು ಕೇಳುತ್ತವೆ. ಅದಕ್ಕಿಂತ ಕಡಿಮೆಯಾದರೆ ಬಾಣ ತಗಲಿ ಸಾವು. ಇದನ್ನು ಎಲ್ಲರಿಗೂ ಮೊದಲೇ ಹೇಳಿದ್ದೆ.

ಎಸೆದೆ. ಹದಿನೇಳು.

ಆ ಕ್ಷಣ ಕೋಪ ಬಂದಿತೆಂದೋ ಹೊಟ್ಟೆಕಿಚ್ಚು ಉರಿಯಿತೆಂದೋ ಬರೆದರೆ ಓದಲು ಸರಿಹೋಗುತ್ತದೆ. ಅಂಥದ್ದೇನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಕೆಳಗೆ ಯಾರೋ ನೀರಿನ ಮೋಟರು ಹಾಕಿದರು. ಈ ಲೋಕದಲ್ಲಿ ನಾನು ಕೈಹಾಕಲಾಗದ ಒಂದು ಜಾಗ ಇವತ್ತಿನಿಂದ ಇರುತ್ತದೆ ಎಂದು ಅನ್ನಿಸಿತು. ಬಾಯಿ ತೆರೆದೆ. ಮೂರು ಎಂದೆ.

ಚಿಕ್ಕಮ್ಮ ಮೆಲ್ಲಗೆ, “ಮೂರೇ ಬಿತ್ತಾ? ಸರ್ಯಾಗ್ ನೋಡಪ್ಪ” ಎಂದರು.

ನಾನು ಮತ್ತೆ ಬಗ್ಗಿ ನೋಡಿದೆ. ಹದಿನೇಳು ಅಲ್ಲೇ ಇತ್ತು. ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ — ಮೊದಲ ಸಲ ಬಾಯಿ ತಪ್ಪಿತೆನ್ನಬಹುದು, ಎರಡನೆಯ ಸಲ ಹಾಗಲ್ಲ.

“ಮೂರೇ ಚಿಕ್ಕಮ್ಮ” ಎಂದು ದಾಳವನ್ನು ಮುಷ್ಟಿಯಲ್ಲಿ ತೆಗೆದುಕೊಂಡೆ.

“ಹೋಗ್ಲಿ ಬುಡು. ನಂಗ್ ಇದ್ದುದ್ದೇ ಅಷ್ಟು” ಎಂದರು. ಪುಸ್ತಕ ಮುಚ್ಚಿದರು. ಎಲ್ಲರ ಲೋಟಗಳನ್ನು ಒಂದರೊಳಗೊಂದು ಸೇರಿಸಿಕೊಂಡು ಕೆಳಗೆ ಹೋದರು.

ಮುಂದಿನ ವಾರ ನಾನೇ ಹೊಸ ಹಾಳೆ ಕೊಟ್ಟೆ, ಒಂದನೇ ಲೆವೆಲಿನದು. ಎರಡು ಭಾನುವಾರ ಬಂದು ಕೂತರು. ಏನು ಮಾಡುತ್ತೀರಿ ಎಂದು ಕೇಳಿದರೆ, ನೀನೇ ಹೇಳಪ್ಪ ಎನ್ನುತ್ತಿದ್ದರು. ಮೂರನೆಯ ವಾರ ಬರಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಮುಂದಿನ ಕೋಣೆಯ ಗೋಡೆ ಒಡೆದರು. ಚಿಕ್ಕಮ್ಮ ಭಾವನಿಗೆ ಏನಾದರೂ ಹೇಳಿದರೇ ಎಂದು ಹರ್ಷನನ್ನು ಕೇಳಿದೆ. ಏನೂ ಹೇಳಲಿಲ್ಲ, ಅವರೇ ಮೆಷಿನ್ನು ಒರೆಸಿ ಯಾರಿಗೋ ಕೊಟ್ಟರು ಎಂದ. ಸ್ವಲ್ಪ ದಿನಕ್ಕೆ ಬನ್ನಿಮಂಟಪದ ಅವರ ಅಣ್ಣನ ಮನೆಗೆ ಹೋದರು. ಅಲ್ಲಿ ಅತ್ತಿಗೆಗೆ ಲಕ್ವ ಹೊಡೆದು, ನೋಡಿಕೊಳ್ಳಲು ಜನ ಬೇಕಾಗಿತ್ತು.

ಬಿದ್ದದ್ದು ಹದಿನೇಳೆಂದು ನಾನು ಹೇಳಿದ್ದರೆ ಆ ಗೋಡೆ ಉಳಿಯುತ್ತಿತ್ತೇ? ಗೊತ್ತಿಲ್ಲ. ಹತ್ತನೇ ಲೆವೆಲಾದರೂ ಅವರು ಭಾವನ ಮುಂದೆ ಬಾಯಿ ತೆರೆಯದೆ ಹೋಗಬಹುದಿತ್ತು. ಈ ಪ್ರಶ್ನೆಯ ಹಿಂದೆ ಬಹಳ ದಿನ ಅಡಗಿಕೊಂಡಿದ್ದೆ. ಅವರು ಬಾಯಿ ತೆರೆದು ನೋಡಲಿಲ್ಲ — ಅದಷ್ಟೇ ಗೊತ್ತಿರುವುದು.

ಆಟ ಆರು ತಿಂಗಳು ಕುಂಟಿ ನಿಂತುಹೋಯಿತು. ನನ್ನ ಲೋಕದ ನಕ್ಷೆಗಳು ಬೀರುವಿನ ಮೇಲಿವೆ. ತೆಗೆದು ನೋಡಿದರೆ ಖುಷಿಯೂ ಇಲ್ಲ, ನೋವೂ ಇಲ್ಲ. ಮರಗಟ್ಟಿದ ಕಾಲನ್ನು ಮುಟ್ಟಿದ ಹಾಗೆ.

ಹೋದ ತಿಂಗಳು ಬನ್ನಿಮಂಟಪದ ಕಡೆ ಕೆಲಸವಿತ್ತು. ತರಕಾರಿ ಅಂಗಡಿಯ ಮುಂದೆ ಚಿಕ್ಕಮ್ಮ ನಿಂತಿದ್ದರು. ಅವರೇ ನನ್ನನ್ನು ಗುರುತಿಸಿದರು. ಮದುವೆ, ಮಕ್ಕಳು, ಕೆಲಸ ಎಲ್ಲ ಕೇಳಿದರು. ಆಮೇಲೆ, ಆಟ ಇನ್ನೂ ನಡೆಸುತ್ತೀಯಾ ಎಂದರು. ಇಲ್ಲ ಎಂದೆ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾ ಅವರು ಹೇಳಿದರು: “ನಂದೇ ತಪ್ಪು ಕಣಪ್ಪ. ಸೇತುವೆ ಮೇಲೆ ನಾನು ಬ್ಯಾರೆ ತರ ಮಾತಾಡ್ಬೇಕಾಗಿತ್ತು.”

ಒಂಬತ್ತು ವರ್ಷ — ಅತ್ತಿಗೆಯನ್ನು ಮಗ್ಗುಲು ತಿರುಗಿಸುತ್ತಾ, ಅನ್ನ ಕಲಸುತ್ತಾ, ಅವರು ಆ ಸೇತುವೆಯ ಮೇಲೆ ಮತ್ತೆ ಮತ್ತೆ ನಿಂತು ಬೇರೆ ಬೇರೆ ಮಾತು ಆಡಿ ನೋಡಿದ್ದಾರೆ. ನಾನು ಆಗಲೂ ಹೇಳಲಿಲ್ಲ. ಬರುತ್ತೇನೆ ಚಿಕ್ಕಮ್ಮ ಎಂದು ಹೊರಟೆ.

ಹತ್ತು ದಿನದ ಮೇಲೆ, ಒಂದು ಬೆಳಿಗ್ಗೆ, ಅವರ ಅಣ್ಣನ ಮನೆ ಹುಡುಕಿಕೊಂಡು ಹೋದೆ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಕುಡಿದ ಮೇಲೆ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಬಿದ್ದದ್ದು ಮೂರಲ್ಲ, ಬೇಕೆಂದೇ ಸುಳ್ಳು ಹೇಳಿದೆ, ಕೆಂಚಿ ಹತ್ತಕ್ಕೆ ಬರುವುದು ನನಗೆ ಬೇಡವಾಗಿತ್ತು ಎಂದೆ. ಮೆಟ್ಟಿಲ ಮೇಲೆ ಅವರು ಹೇಳಿದ ಮಾತು ಆಗ ನೆನಪಿತ್ತು ಎನ್ನುವುದನ್ನೂ ಹೇಳಿದೆ.

“ಎಷ್ಟು ಬಿದ್ದಿತ್ತು?” ಎಂದರು.

ಹೇಳಿದೆ.

ಅವರು ನನ್ನ ಲೋಟ ಕೈಗೆತ್ತಿಕೊಂಡರು. ಬೈಯಲಿಲ್ಲ, ಅಳಲಿಲ್ಲ. “ಅಂಗಾರೆ ನನ್ ಮಾತು ಸರ್ಯಾಗೇ ಇತ್ತು” ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಈಗ್ ಬಂದು ಹೇಳುದ್ರೆ ನಾನೇನ್ ಮಾಡ್ಲಿ ಶ್ರೀಧರ?”

ಒಳಗಿನಿಂದ ಅತ್ತಿಗೆ ಏನೋ ಕೂಗಿದರು, ಮಾತು ಸ್ಪಷ್ಟವಿರಲಿಲ್ಲ. ಚಿಕ್ಕಮ್ಮ ಎದ್ದು ಹೋದರು. ನಾನು ಕಾದೆ. ಅವರು ಹೊರಗೆ ಬರಲಿಲ್ಲ. ಗೇಟು ಹಾಕಿಕೊಂಡು ಬಂದೆ.

ಹರ್ಷನಿಗೂ ರೇಖಾಳಿಗೂ ಹೇಳಿದ್ದೇನೆ. ಹರ್ಷ ಮೊದಲು ನಕ್ಕ. ಕಾರಿನ ವಿಷಯ ಬಂದಾಗ ನಗು ನಿಂತಿತು. ನನಗೆ ಹಗುರವಾಗಿಲ್ಲ. ಹಗುರವಾಗಬೇಕಾದ್ದೂ ಇಲ್ಲ.

ಕ್ಷಮಿಸಿ ಎಂದು ಚಿಕ್ಕಮ್ಮನನ್ನು ಕೇಳಲಿಲ್ಲ. ಕೇಳಿದ್ದರೆ, “ಆಗಲ್ಲ” ಎಂದು ಹೇಳುವ ಕೆಲಸವನ್ನೂ ಅವರ ಮೇಲೆಯೇ ಹೊರಿಸಿದಂತಾಗುತ್ತಿತ್ತು.