ಮರಳುದಿಬ್ಬದ ಮೇಲೆ ನಾರ್ವಲ್

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಾರ್ವಲ್ ಎಕೆಬರ್ಗ್ ಮಿಸೌರಿ ನದಿಯ ನಡುವಿನ ಮರಳುದಿಬ್ಬದ ಮೇಲೆ ನಿಂತು ಗಾಳದ ದಾರಕ್ಕೆ ಹೊಸ ಕೊಕ್ಕೆ ಕಟ್ಟುತ್ತಿದ್ದ. ಗಂಟು ಬಿಗಿಯುವ ಮೊದಲು ದಾರವನ್ನು ಎಂಜಲಲ್ಲಿ ಒದ್ದೆ ಮಾಡಿಕೊಂಡ. ಬಿಗಿದು ತಲೆ ಎತ್ತಿದರೆ ಅವನ ದೋಣಿ ಇದ್ದ ಜಾಗದಲ್ಲಿ ಬರೀ ನೀರಿತ್ತು.

ಅಣೆಕಟ್ಟು ಅಲ್ಲಿಂದ ಒಂದು ಮೈಲಿ ಮೇಲಕ್ಕಿದೆ. ಅದರ ತಳದಿಂದ ಬರುವ ತಣ್ಣೀರಿನಲ್ಲಿ ಟ್ರೌಟ್ ಮೀನುಗಳು ವರ್ಷವಿಡೀ ಇರುತ್ತವೆ. ವಾಲೈ ಮೀನುಗಳು ಮಾತ್ರ ವಸಂತದಲ್ಲಿ ಮೊಟ್ಟೆಯಿಡಲು ಕೆಳಗಿನಿಂದ ಹತ್ತಿಬಂದು, ಗೋಡೆ ದಾಟಲಾರದೆ ಅಲ್ಲೇ ಆಳದಲ್ಲಿ ಗುಂಪುಗೂಡುತ್ತವೆ. ಟ್ರೌಟ್ ಬೇಕಾದವನು ನೀರಿಗಿಳಿದು ನಿಲ್ಲಬೇಕು, ವಾಲೈ ಬೇಕಾದವನು ದೋಣಿಯಲ್ಲಿ ಕೂರಬೇಕು. ನಾರ್ವಲ್ ಟ್ರೌಟಿನವನು. ಅವನ ಹೆಂಡತಿಯ ಅಣ್ಣ ಡೆಲ್ಮರ್ ಶಾಟ್ಸ್ ವಾಲೈಯವನು.

ಇಬ್ಬರ ನಡುವೆ ದೋಣಿ ನಡೆಸುತ್ತಿದ್ದವಳು ಆ ಹೆಂಡತಿ, ವರ್ನಾ. ಗಂಡನನ್ನು ದಿಬ್ಬದ ಮೇಲೆ ಇಳಿಸಿ, ಅಣ್ಣನನ್ನು ಆಳಕ್ಕೆ ಕರೆದೊಯ್ದು, ಮಧ್ಯಾಹ್ನ ಎರಡೂ ಬಗೆಯ ಮೀನನ್ನು ಒಂದೇ ಬಾಣಲೆಯಲ್ಲಿ ಬೆಣ್ಣೆ ಹಾಕಿ ಹುರಿಯುತ್ತಿದ್ದಳು. ಗಂಡಸರು ನೇರವಾಗಿ ಮಾತಾಡಿದ್ದಕ್ಕಿಂತ ಅವಳ ಮೂಲಕ ಆಡಿದ್ದೇ ಹೆಚ್ಚು. ಅವಳು ತೀರಿಕೊಂಡು ಮೂರು ಚಳಿಗಾಲಗಳಾಗಿದ್ದವು. ಅವಳು ತೀರಿಕೊಂಡ ನಂತರ ಮೀನು ಹಿಡಿಯುವ ಕಾಲದ ಮೊದಲ ದಿನ ಡೆಲ್ಮರ್ ಬಂದು, ಹೋಗೋಣವೇ ಎಂದು ಕೇಳಿದ್ದ. ಇವತ್ತು ಒಬ್ಬನೇ ಹೋಗುತ್ತೇನೆ ಎನ್ನಬೇಕಿದ್ದ ನಾರ್ವಲ್, ಒಬ್ಬನೇ ಹೋಗುತ್ತೇನೆ ಎಂದಷ್ಟೇ ಹೇಳಿದ್ದ. ಡೆಲ್ಮರ್ ತಲೆಯಾಡಿಸಿ ಹೋದ, ಬೇರೆ ದೋಣಿ ಕೊಂಡ.

ಆ ಕಡೆಯ ನದಿಯಲ್ಲಿ ಒಬ್ಬನು ನಿಂತ ಜಾಗಕ್ಕೆ ಇನ್ನೊಬ್ಬನು ಕರೆಯದೆ ಹೋಗುವುದಿಲ್ಲ. ಹೋದರೆ, ಊಟಕ್ಕೆ ಕುಳಿತವರ ತಟ್ಟೆಗೆ ಕೈಹಾಕಿದಷ್ಟೇ ಅಸಹ್ಯ. ಹೀಗಾಗಿ ಇಬ್ಬರೂ ಒಂದೇ ತಿರುವಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಮೀನು ಹಿಡಿಯುತ್ತ, ಎದುರಾದಾಗ ನಮಸ್ಕಾರದ ಬದಲು ಒಂದು ಬೆರಳೆತ್ತಿ ಮುಖ ತಿರುಗಿಸುತ್ತಿದ್ದರು. ಮನೆಗೆ ಬಂದ ನಾರ್ವಲ್ ಒಂದೇ ಮೀನು ಹುರಿದು, ನಿಂತೇ ತಿನ್ನುತ್ತಿದ್ದ. ಅಂದು ಆಡಿದ ಮಾತು ತಿದ್ದಬೇಕು ಎಂದು ಪ್ರತಿ ಭಾನುವಾರ ಅಂದುಕೊಳ್ಳುತ್ತಿದ್ದ.

ನಿವೃತ್ತನಾಗುವವರೆಗೂ ಅವನು ದುಡಿದದ್ದು ಅದೇ ಅಣೆಕಟ್ಟಿನ ವಿದ್ಯುತ್ ಕೋಣೆಯಲ್ಲಿ. ಆಗ ಭಾನುವಾರ ಚರ್ಚು ಬಿಡುವ ತನಕ ಊರುಗಳಿಗೆ ಕರೆಂಟು ಬೇಕಾಗುತ್ತಿರಲಿಲ್ಲ, ಟರ್ಬೈನುಗಳು ನಿಧಾನ, ನೀರು ಕಡಿಮೆ. ಅದಕ್ಕೇ ಅವನು ಭಾನುವಾರ ಲಂಗರು ಹಾಕುತ್ತಿರಲಿಲ್ಲ, ದೋಣಿಯ ಮೂತಿಯನ್ನು ಮರಳಿನ ಮೇಲೆ ಎಳೆದಿಡುತ್ತಿದ್ದ ಅಷ್ಟೆ. ಈಗ ನೀರು ಬಿಡುವ ಆದೇಶ ಬೇರೆ ರಾಜ್ಯದಿಂದ ಬರುತ್ತದೆ, ಅದಕ್ಕೆ ವಾರದ ಲೆಕ್ಕವಿಲ್ಲ. ಇದು ಅವನಿಗೆ ಗೊತ್ತಿತ್ತು. ಕೈಗೆ ಮಾತ್ರ ಹಳೆಯ ಭಾನುವಾರವೇ ಅಭ್ಯಾಸ.

ಅಣೆಕಟ್ಟಿನಿಂದ ಬಿಟ್ಟ ನೀರು ದಿಬ್ಬವನ್ನು ಮುಳುಗಿಸಿ ಮೊಣಕಾಲಿಗೆ ಬಂತು. ದಡದ ಕಡೆ ಆಳವಾದ ಸೆಳೆತ, ಈಜುವ ಮಾತಿಲ್ಲ. ಆಚೆ ಡೆಲ್ಮರ್‌ನ ದೋಣಿ ನಿಂತಿತ್ತು. ನಾರ್ವಲ್ ಕೈ ಎತ್ತಿದ. ಡೆಲ್ಮರ್ ಬೆರಳೆತ್ತಿದ. ನಾರ್ವಲ್ ಎರಡೂ ಕೈ ಅಗಲಿಸಿ ಬೀಸಿದ. ದೊಡ್ಡ ಮೀನು ಸಿಕ್ಕಿದೆಯೆಂದು ತಿಳಿದ ಡೆಲ್ಮರ್ ಟೋಪಿ ಎತ್ತಿ ಮೆಚ್ಚಿಕೊಂಡು, ಮರ್ಯಾದೆಯಿಂದ ಬೆನ್ನು ತಿರುಗಿಸಿ ಕುಳಿತ.

ಉಳಿದದ್ದು ಕೂಗುವುದೊಂದೇ. ಏನೆಂದು ಕೂಗುವುದು? ಕಾಪಾಡು ಎಂದರೆ ನಾಟಕವಾಯಿತು. ದೋಣಿ ಹೋಯಿತು ಎಂದರೆ ಅದನ್ನು ಹಿಡಿಯಲು ಹೊರಟಾನು. ಪಾದದಡಿಯ ಮರಳು ಜಾರತೊಡಗಿತು. ನೀರಿಗಿಳಿಯಲು ತೊಟ್ಟ ರಬ್ಬರ್ ಉಡುಗೆಯಾಚೆಯಿಂದ ನೀರು ತೊಡೆಗಳನ್ನು ಅವುಚಿಕೊಂಡಿತು.

"ಡೆಲ್ಮರ್," ಎಂದ ಕೊನೆಗೆ. "ಬಾ."

ಡೆಲ್ಮರ್ ಲಂಗರನ್ನೂ ಎತ್ತಲಿಲ್ಲ, ಹಗ್ಗ ಕತ್ತರಿಸಿ ಬಂದ. ತೋಳು ಹಿಡಿದು ಮೇಲೆಳೆದುಕೊಂಡು, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟ.

"ನಿನ್ ದೋಣಿ ಹೋಗೋದು ನೋಡ್ದೆ," ಎಂದ ಡೆಲ್ಮರ್. "ಯಾರೋ ಜೊತೆಗ್ ಬಂದಿದಾರೆ, ಅವ್ರೇ ನಡೆಸ್ಕೊಂಡ್ ಹೋಗ್ತಿದಾರೆ ಅಂದ್ಕೊಂಡೆ."

"ಅದ್ರಲ್ಲಿ ಯಾರಾದ್ರೂ ಕಂಡ್ರಾ?"

"ಇಲ್ಲ. ಕುಳ್ಳಿ ಇರ್ಬೇಕು ಅಂದ್ಕೊಂಡೆ."

ನಾರ್ವಲ್ ನಗಲು ಹೋದ, ಹಲ್ಲು ಕಟಕಟಿಸಿತು. "ಯಾರೂ ಇಲ್ಲ ಕಣೋ. ಆವತ್ತು ನಾನು ಒಬ್ನೇ ಹೋಗ್ತೀನಿ ಅಂದಿದ್ದು, ಆ ಒಂದ್ ದಿನಕ್ಕೆ."

ಡೆಲ್ಮರ್ ಬಹಳ ಹೊತ್ತು ಮೋಟಾರಿನ ಹಿಡಿಯನ್ನು ಒರೆಸಿದ. "ಮೂರ್ ವರ್ಷ ಆಯ್ತಲ್ಲೋ ಮಾರಾಯ," ಎಂದ.

ಖಾಲಿ ದೋಣಿ ಕೆಳಗಡೆ ಮುರಿದ ಮರವೊಂದಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಹಿಂದೆ ಕಟ್ಟಿಕೊಂಡು ದಡಕ್ಕೆ ಬಂದರು. ಮುಂದಿನ ಭಾನುವಾರದಿಂದ ಇಬ್ಬರೂ ಒಂದೇ ದೋಣಿಯಲ್ಲಿ ಹೋದರು. ಮಾತು ಹೆಚ್ಚಾಯಿತೆಂದಲ್ಲ. ವರ್ನಾ ಕೂರುತ್ತಿದ್ದ ನಡುವಿನ ಹಲಗೆಯ ಮೇಲೆ ಯಾರೂ ಕೂರುತ್ತಿರಲಿಲ್ಲ.

ದೋಣಿ ತೇಲಿಹೋದ ದಿನವೇ ಮಧ್ಯಾಹ್ನ ಗಾಳದ ಸಾಮಾನಿನ ಅಂಗಡಿಯ ಬರ್ನಿಸ್ ವಿಷಯ ಕೇಳಿ, ವಿದ್ಯುತ್ ಕೋಣೆಯ ದೊಡ್ಡ ಮನುಷ್ಯನಿಗೆ ತನ್ನ ನೀರೇ ಗೊತ್ತಾಗಲಿಲ್ಲವಲ್ಲ ಎಂದು ಎಲ್ಲರೆದುರು ಚುಡಾಯಿಸಿದಳು. "ನೀರು ಎಲ್ಲೀವರ್ಗೂ ಬಂದ್ಮೇಲೆ ಬಾಯ್ ಬಿಟ್ಟೆ ನೀನು?" ಎಂದು ಕೇಳಿದಳು. ಅಂಗಡಿಯಲ್ಲಿದ್ದವರು ನಕ್ಕರು. ನಾರ್ವಲ್ ನಗಲಿಲ್ಲ. ಮೀನು ಅಳೆಯಲೆಂದು ಗಾಳದ ಕೋಲಿನ ಮೇಲೆ ಇಂಚಿನ ಗುರುತು ಹಾಕಿಕೊಂಡಿದ್ದ. ಕೂಗುವುದೋ ಬೇಡವೋ ಎಂದು ನಿಂತಷ್ಟು ಹೊತ್ತೂ ಆ ಕೋಲನ್ನೇ ನೀರಿಗೆ ಊರಿ ನೋಡುತ್ತಿದ್ದ. ಜೊತೆಗೆ ಬಂದಿದ್ದ ಡೆಲ್ಮರ್‌ನ ಕಡೆ ತಿರುಗಿ, ಅವನಿಗೇ ಎಂಬಂತೆ ಹೇಳಿದ:

"ಮೂವತ್ನಾಲ್ಕು ಇಂಚು."