ದಿಂಬು ಮೂಸುವ ದಸ್ತಗೀರ ಕಾಕಾ

ದಸ್ತಗೀರ ಕಾಕಾ ಯಾವ ಖೋಲಿಗೆ ಹೋದರೂ ಮೊದಲು ದಿಂಬನ್ನೆತ್ತಿ ಮೂಸುತ್ತಿದ್ದರು. ಗೋಡೆಯ ಬಣ್ಣ, ಟಿವಿ, ಕಿಟಕಿಯ ಪರದೆ ಯಾವುದೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಎರಡೂ ಕೈಯಲ್ಲಿ ದಿಂಬು ಹಿಡಿದು, ಕಣ್ಣು ಮುಚ್ಚಿ, ನಟ್ಟನಡುವೆ ಮೂಗನ್ನು ಒತ್ತಿ ಒಂದು ಉಸಿರು ಎಳೆಯುತ್ತಿದ್ದರು. ಆಮೇಲೆ ಅವರ ಬಾಯಿಂದ ಬರುತ್ತಿದ್ದುದು ಎರಡೇ ಮಾತು. ಒಂದೋ “ಠೀಕ್”, ಇಲ್ಲವೇ “ಥೂ”. ಹೆಚ್ಚಿನ ಸಲ ಥೂ. ಅದರಲ್ಲೂ ತರತಮ ಇತ್ತು. ಯಾರದೋ ತಲೆಯೆಣ್ಣೆಯ ವಾಸನೆಗೆ ಒಂದು ಥೂ, ಒಣಗದ ಚಾದರಕ್ಕೆ ಇನ್ನೊಂದು ಥೂ, ಹೊಲಸಿನ ಮೇಲೆ ಸೆಂಟು ಹೊಡೆದು ಮುಚ್ಚಿದ್ದರೆ ಉದ್ದನೆಯ ಮೂರನೆಯ ಥೂ. ಆ ಮೂರನೆಯದು ಕೇಳಿಸಿತೆಂದರೆ ಕೆಳಗೆ ರಿಸೆಪ್ಷನ್ನಿನಲ್ಲಿ ಕುಳಿತ ನಾನು ತಲೆ ತಗ್ಗಿಸಿ ರಿಜಿಸ್ಟರ್ ನೋಡುತ್ತಿದ್ದೆ.

ಸಾಂತಾಕ್ರೂಜ್ ಪೂರ್ವದಲ್ಲಿ, ವಿಮಾನಗಳ ಹೊಟ್ಟೆ ಕಾಣುವಷ್ಟು ಹತ್ತಿರದಲ್ಲಿ, ಒಂದು ಗೆಸ್ಟ್ ಹೌಸು. ಹೆಸರು ಹೇಳುವುದಿಲ್ಲ, ಹೇಳಿದರೆ ಬಾಯಿ ತೊಳೆದುಕೊಳ್ಳಬೇಕಾಗುತ್ತದೆ. ಕಾಕಾ ಅಲ್ಲಿ ಖೋಲಿಗಳ ಉಸ್ತುವಾರಿ, ನಾನು ರಿಸೆಪ್ಷನ್. ಅವರು ಮುದ್ದೇಬಿಹಾಳದ ಕಡೆಯವರು, ನಾನು ಅಮೀನಗಡದವ. ಮನೆಯಲ್ಲಿ ದಖನಿ, ನನ್ನೊಂದಿಗೆ ಕನ್ನಡ, ಸೇಠನೊಂದಿಗೆ ಹಿಂದಿ, ಧೋಬಿಯೊಂದಿಗೆ ಮರಾಠಿ, ಹೀಗೆ ನಾಲ್ಕು ಭಾಷೆಯಲ್ಲಿ ಅವರಿಗೆ ಬಯ್ಯಲು ಬರುತ್ತಿತ್ತು. ಮುಂಬಯಿಗೆ ಬಂದ ಹೊಸದರಲ್ಲಿ ಪರೇಲಿನ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಬಟ್ಟೆ ಒಗೆದವರು. ಯಾವ ಕಲೆ ಎಲ್ಲಿಂದ ಬಂತು, ಯಾವುದು ಬಿಸಿನೀರಿಗೆ ಹೋಗುತ್ತದೆ, ಯಾವುದು ಸತ್ತರೂ ಹೋಗುವುದಿಲ್ಲ ಎಂಬುದು ಅವರಿಗೆ ನೋಡಿದೊಡನೆ ತಿಳಿಯುತ್ತಿತ್ತು. ಅಂಗಿಯ ಕಿಸೆಯಲ್ಲಿ ಎರಡು ಕರವಸ್ತ್ರ ಇರುತ್ತಿದ್ದವು. ಒಂದು ಕೈಗೆ, ಇನ್ನೊಂದು ಮೂಗಿಗೆ.

ನಮ್ಮ ಸೇಠ್ ಜಿಪುಣ. ಮಲಗೆದ್ದು ಹೋದವರ ಚಾದರವನ್ನು ಒಗೆಯುವ ಬದಲು ತಿರುವಿ ಹಾಸಿರಿ ಎಂದು ಒಮ್ಮೆ ಅಪ್ಪಣೆ ಮಾಡಿದ. ಕಾಕಾ ಎದುರಾಡಲಿಲ್ಲ. ಮೂರನೇ ಮಹಡಿಯ ಒಂದು ಚಾದರವನ್ನು ತಂದು, ಸೇಠನ ಕ್ಯಾಬಿನ್ನಿಗೆ ಹೋಗಿ, ಅವನು ಮಧ್ಯಾಹ್ನ ಕಾಲು ಚಾಚಿ ಮಲಗುವ ಸೋಫಾದ ಮೇಲೆ ಸುಕ್ಕಿಲ್ಲದಂತೆ ಹಾಸಿದರು. “ಸೇಠ್‌ಜೀ, ಪಲಟಾಕೇ ಬಿಛಾಯಾ. ಆರಾಮ್ ಕರೋ,” ಎಂದರು. ಸೇಠ್ ಅಂದು ನಿಂತೇ ಇದ್ದ. ತಿರುವಿ ಹಾಸುವ ಮಾತು ಮತ್ತೆ ಬರಲಿಲ್ಲ. ಅಂಥ ಕೆಲಸಗಾರನನ್ನು ಬಿಡಿಸಿದರೆ ಇನ್ನೊಬ್ಬ ಸಿಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಆದರೆ ಸೇಠನಿಗೆ ಇನ್ನೊಂದು ಬಿಲ್ಡಿಂಗ್ ಇತ್ತು, ಸ್ಟೇಷನ್ ಕಡೆಯ ಗಲ್ಲಿಯಲ್ಲಿ. ಮೊಬೈಲಿನಲ್ಲಿ ಜನ ನೋಡುವ ಫೋಟೋ ನಮ್ಮ ಬಿಲ್ಡಿಂಗಿನದು, ಅವರನ್ನು ತಳ್ಳುತ್ತಿದ್ದುದು ಆ ಬಿಲ್ಡಿಂಗಿಗೆ. ಕಾಕಾ ಅಲ್ಲಿಗೆ ಒಂದೇ ಸಲ ಹೋಗಿ ಬಂದು, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. “ಅದು ಲಾಜ್ ಅಲ್ಲೋ ಶಿವಾ, ಮನಶ್ಯಾರನ್ನ ಇಡು ಗೋದಾಮು,” ಎಂದಿದ್ದರು.

ಆ ಗೋದಾಮಿಗೆ ಜನರನ್ನು ತುಂಬುವುದರಲ್ಲಿ ನನ್ನ ಕೈಯೂ ಇತ್ತು. ಇದನ್ನು ಬರೆಯಲು ಈಗಲೂ ಹೇಸಿಗೆಯಾಗುತ್ತದೆ, ಆದರೆ ಬರೆಯದಿದ್ದರೆ ಕಾಕಾನ ಚಿತ್ರ ಪೂರ್ತಿಯಾಗುವುದಿಲ್ಲ.

ಮುಂಬಯಿಯಲ್ಲಿ ನಮ್ಮ ಕಡೆಯ ಇಬ್ಬರು ಸೇರಿದರೆ ಮೊದಲ ಪ್ರಶ್ನೆ ಊರು. ಊರಾದ ಮೇಲೆ ತಾಲೂಕು, ತಾಲೂಕಾದ ಮೇಲೆ ಓಣಿ. ಓಣಿಗೆ ಬರುವಷ್ಟರಲ್ಲಿ ಎಂಥ ಅನುಮಾನದ ಮನುಷ್ಯನೂ ಚೀಲವನ್ನು ಎದುರಿನವನ ಕೈಗೆ ಕೊಟ್ಟು ನೀರು ಕುಡಿಯಲು ಹೋಗುತ್ತಾನೆ. ಸೇಠನಿಗೆ ಇದನ್ನು ಹೇಳಿಕೊಟ್ಟವನು ನಾನೇ. ಅವನು ಖುಷಿಯಾಗಿ ರಾಜೂ ಎಂಬ ಟ್ಯಾಕ್ಸಿಯವನನ್ನು ಗೊತ್ತು ಮಾಡಿದ. ರಾಜೂ ಸೋಲಾಪುರದ ಕಡೆಯವ, ಕನ್ನಡ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಯಾವ ಊರಿನವರಿಗೆ ಏನು ಕೇಳಬೇಕೆಂದು ನಾನು ಅವನಿಗೆ ಬಾಯಿಪಾಠ ಮಾಡಿಸಿದೆ. ಇಳಕಲ್ ಅಂದರೆ ಸೀರೆ, ಗುಳೇದಗುಡ್ಡ ಅಂದರೆ ಕುಪ್ಪಸದ ಖಣ, ಅಮೀನಗಡ ಅಂದರೆ “ಕರದಂಟಿನ ಊರು! ನಮಗೂ ಒಂದ್ ತುಂಡ ತಂದೀರೇನ್ರೀ?” ಹೀಗೆ ಒಲಿಸಿಕೊಂಡು ಕಾರು ಹತ್ತಿಸಿದ ಮೇಲೆ, ನೀವು ಹೇಳಿದ ಲಾಜು ಬಂದ್ ಆಗಿದೆ ಎನ್ನಬೇಕು. ನಂಬದಿದ್ದರೆ ಅವನೇ ಫೋನು ಹಚ್ಚಿ ಸ್ಪೀಕರಿಗೆ ಹಾಕುತ್ತಿದ್ದ. “ಭಾಯ್, ಆಪ್‌ಕಾ ಲಾಜ್ ಖುಲಾ ಹೈ ಕ್ಯಾ?” ಅದು ಹೋಗುತ್ತಿದ್ದುದು ಆ ಲಾಜಿಗಲ್ಲ, ನನ್ನ ಟೇಬಲ್ಲಿಗೆ. ನಾನು ಗಂಟಲು ಸರಿಮಾಡಿಕೊಂಡು, “ನಹೀ ಜೀ, ಬಂದ್ ಹೈ, ಪಾನೀ ಕಾ ಲೈನ್ ಫಟ್ ಗಯಾ,” ಎಂದು ನೀರಿನ ಪೈಪು ಒಡೆದ ಸುಳ್ಳು ಹೇಳುತ್ತಿದ್ದೆ. ಮುಂದೆ ಅವನಿದ್ದ, ಆ ಬಿಲ್ಡಿಂಗಿತ್ತು.

ಕಾಕಾನಿಗೆ ಇದು ಗೊತ್ತಾದ ದಿನ ನನ್ನೆದುರು ಬಂದು ಮೂಗಿನ ಕರವಸ್ತ್ರ ತೆಗೆದರು. “ಮಂದಿ ರಜಾ ಅಂತ ಮಕ್ಳು ಮರಿ ಕಟಗೊಂಡು ಸಮುದ್ರ ನೋಡಾಕ ಬರ್ತಾರ. ನಮ್ಮ ಮಾತು ಕಿವಿಗಿ ಬಿದ್ದ ಕೂಡ್ಲೇ ಅವ್ರ ಜೀವ ಹಗರಾಗ್ತೈತಿ. ನೀ ಆ ಮಾತನ್ನ ಒಯ್ದು ಗಾಳಕ್ಕ ಕಟ್ಟೀಯಲ್ಲೋ, ಥೂ!” ಎಂದರು. ನಾನು ನಕ್ಕೆ. ನೌಕರಿ ಕಾಕಾ, ನಾ ಏನ್ ಮಾಡ್ಲಿ ಅಂದೆ. ಅವರು ಕರವಸ್ತ್ರ ಮಡಚಿಕೊಂಡು ಮೇಲೆ ಹೋದರು.

ಕಾಕಾನ ಹತ್ತಿರ ಸಲಹೆ ಕೇಳಲು ನಾವಿದ್ದ ಚಾಳಿನವರೆಲ್ಲ ಬರುತ್ತಿದ್ದರು. ಗೋವಾಕ್ಕೆ ಹೋಗುವವರು, ಮಹಾಬಳೇಶ್ವರಕ್ಕೆ ಹೋಗುವವರು. “ಬಾಗಲದಾಗ ನಿಂತಾಂವಗ ಖೋಲಿ ಹೆಂಗೈತಿ ಅಂತ ಕೇಳಬ್ಯಾಡ್ರಿ. ಚೀಲಾ ಹೊತ್ತು ಹೊರಗ ಬರಾಂವಗ ಕೇಳ್ರಿ. ಅವನ ಮಾರಿ ಸುಳ್ಳ ಹೇಳಂಗಿಲ್ಲ,” ಎನ್ನುತ್ತಿದ್ದರು. “ಆಧಾರ್ ತೋರಸ್ರಿ, ಫೋಟೋ ತಗೀಲಿ, ಕೈಯಾಗ ಮಾತ್ರ ಬಿಡಬ್ಯಾಡ್ರಿ. ಒಳಗಿನ ಚಿಲಕ ಹಾಕಿ ಜಗ್ಗಿ ನೋಡ್ರಿ. ಹಿಂದಿನ ಮೆಟ್ಟಲದ ಬಾಗಲಾ ತೆರದೈತೇನು ನೋಡ್ರಿ. ಲಾಜಿಗಿ ಫೋನ್ ಮಾಡೂದಾದ್ರ ನಿಮ್ಮ ಫೋನಿನಿಂದ ಮಾಡ್ರಿ, ಡ್ರೈವರ್ ಫೋನ್ ಕಿವಿಗಿ ಹಚಗೋಬ್ಯಾಡ್ರಿ.” ಕೊನೆಯ ಮಾತು ಹೇಳುವಾಗ ನನ್ನತ್ತ ಒಮ್ಮೆ ನೋಡುತ್ತಿದ್ದರು. ಜುಹೂವಿನಲ್ಲಿ ಶೂಟಿಂಗ್ ತೋರಿಸುತ್ತೇವೆನ್ನುವವರು, ಕೈಗೆ ದಾರ ಕಟ್ಟಿ ಬಿಡದೆ ಬೆನ್ನು ಹತ್ತುವವರು, ಇವರನ್ನೆಲ್ಲ ಕಂಡರೆ ಅವರ ತುಟಿ ತಾನಾಗಿ ಥೂ ಎನ್ನಲು ಸಿದ್ಧವಾಗುತ್ತಿತ್ತು.

ಆ ವರ್ಷ ದಸರಾ ರಜೆಗೆ ಅಕ್ಕ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮುಂಬಯಿ ನೋಡಲು ಹೊರಟಳು. ಅಕ್ಕ ಅಮೀನಗಡದಲ್ಲಿ ಕನ್ನಡ ಶಾಲೆಯ ಟೀಚರ್. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ನಾವು ಐದು ಜನ ಗಂಡಸರು ಒಂದೇ ಖೋಲಿಯಲ್ಲಿದ್ದೆವು, ಅಲ್ಲಿ ಅವರನ್ನು ಇಳಿಸುವಂತಿರಲಿಲ್ಲ. ವಿಲೆ ಪಾರ್ಲೆಯಲ್ಲಿ ಎಲ್ಲಿ ಒಳ್ಳೆಯ ಜಾಗ ಸಿಗುತ್ತದೆ ಎಂದು ಕಾಕಾನನ್ನು ಕೇಳಿದೆ.

“ಯಾಕ, ನಮ್ಮ ಗೆಸ್ಟ್ ಹೌಸಿನಾಗ ಖೋಲಿ ಇಲ್ಲೇನು?” ಎಂದರು.

ನಾನು ರಿಜಿಸ್ಟರಿನ ಹಾಳೆ ತಿರುವಿದೆ. ಅವರು ತಾವೇ ಪಾರ್ಲೆಗೆ ಹೋಗಿ ದಿಂಬು ಮೂಸಿ ಬಂದು, ಅಲ್ಲಿನ ಒಂದು ಲಾಜಿನ ಹೆಸರು ಹೇಳಿದರು. ಅಲ್ಲೇ ಖೋಲಿ ಗೊತ್ತು ಮಾಡಿದೆ. ವಿಮಾನ ಇಳಿದ ಮೇಲೆ ಒಳಗಿನ ಪ್ರೀಪೇಯ್ಡ್ ಕೌಂಟರಿನಲ್ಲೇ ಟ್ಯಾಕ್ಸಿ ಮಾಡು ಎಂದು ಅಕ್ಕನಿಗೆ ಮೂರು ಸಲ ಹೇಳಿದೆ. ಯಾರು ಕನ್ನಡ ಮಾತಾಡಿದರೂ ನಂಬಬೇಡ ಎನ್ನುವುದೊಂದು ಉಳಿಯಿತು. ಅದನ್ನು ಯಾವ ಬಾಯಿಂದ ಹೇಳಲಿ?

ಅಕ್ಕ ಬಂದಿಳಿಯುವ ದಿನ ಬೆಳಿಗ್ಗೆ ನಾನು ಡ್ಯೂಟಿಯಲ್ಲಿದ್ದೆ. ಸ್ವಂತ ಫೋನನ್ನು ಡ್ರಾವರಿನಲ್ಲಿ ಇಡಬೇಕೆಂಬುದು ಸೇಠನ ಕಾನೂನು. ಹನ್ನೊಂದರ ಸುಮಾರಿಗೆ ಟೇಬಲ್ಲಿನ ಫೋನು ಬಂತು. ರಾಜೂ. “ಭಾಯ್, ಆಪ್‌ಕಾ ಲಾಜ್ ಖುಲಾ ಹೈ ಕ್ಯಾ?” ಬಂದ್ ಹೈ, ಪಾನೀ ಕಾ ಲೈನ್ ಫಟ್ ಗಯಾ ಎಂದು ಹೇಳಿ ಇಟ್ಟೆ. ಒಂದು ತಾಸಿನ ಮೇಲೆ ರಾಜೂ ನಗುತ್ತ ಒಳಗೆ ಬಂದ. ಕೈಯಲ್ಲಿ ಕಾಗದದ ಪೊಟ್ಟಣ. “ನಿಮ್ಮೂರಾಕಿ ಗಿರಾಕಿ. ಕೇಳಿದ್ದಕ್ಕ ಇಡೀ ಪಾಕೀಟೇ ಕೊಟ್ಟಳೋ, ಪಾಪ,” ಎಂದು ಟೇಬಲ್ಲಿನ ಮೇಲೆ ಇಟ್ಟ. ಕರದಂಟು. ಎಷ್ಟು ದಿನವಾಗಿತ್ತೋ ಊರಿನ ರುಚಿ ಕಂಡು. ನಾನು ಒಂದು ತುಂಡು ತಿಂದೆ, ಬೆರಳು ನೆಕ್ಕಿದೆ, ಇನ್ನೊಂದು ತಿಂದೆ. ಆಮೇಲೆ ಪೊಟ್ಟಣದ ಕಾಗದ ಕಣ್ಣಿಗೆ ಬಿತ್ತು. ಯಾವುದೋ ಹುಡುಗಿಯ ಪರೀಕ್ಷೆಯ ಹಾಳೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ “ಅಕ್ಷರ ದುಂಡಗೆ ಬರಿ” ಎಂದಿತ್ತು. ನನ್ನ ಪಾಟಿಯ ಮೇಲೆ ಅಕ್ಕ ಬರೆಯುತ್ತಿದ್ದುದೂ ಅದೇ ಮಾತು, ಅದೇ ಕೈ.

ಹಾಳೆ ಹಿಡಿದುಕೊಂಡೇ ಎದ್ದೆ. ಟವೆಲ್ಲುಗಳ ಗಂಟು ಹೊತ್ತು ಕಾಕಾ ಇಳಿದು ಬರುತ್ತಿದ್ದರು. “ಕಾಕಾ, ನಮ್ಮಕ್ಕ ಆ ಬಿಲ್ಡಿಂಗಿನಾಗ ಅದಾಳ,” ಎಂದೆ. ಅವರು ಥೂ ಎನ್ನಲಿಲ್ಲ. ಗಂಟನ್ನು ಕೆಳಗಿಟ್ಟು ನಡೆದರು. ನಾನು ಹಿಂದೆ ಓಡಿದೆ.

ಆ ಬಿಲ್ಡಿಂಗಿನ ಒಳಗೆ ನಾನು ಅಂದೇ ಮೊದಲು ಕಾಲಿಟ್ಟದ್ದು. ಮೆಟ್ಟಿಲ ಮೂಲೆಗಳಲ್ಲಿ ಗುಟಖಾ ಉಗುಳು ಗಟ್ಟಿಯಾಗಿ ಕೂತಿತ್ತು. ಹಿಂದಿನ ಬಾಗಿಲಿಗೆ ಬೀಗ, ಅದಕ್ಕೆ ಅಡ್ಡ ಹಳೆಯ ಗಾದಿಗಳ ರಾಶಿ. ಒಂದು ಖೋಲಿಯನ್ನು ಪ್ಲೈವುಡ್ಡಿನಿಂದ ಮೂರು ಮಾಡಿದ್ದರು. ಬಚ್ಚಲ ಬಾಗಿಲಿಗೆ ಚಿಲಕ ಇಲ್ಲ, ಸುತಳಿ. ಹಲಗೆಯಲ್ಲಿ ಒಂದು ತೂತು, ಅಕ್ಕ ಅದಕ್ಕೆ ತನ್ನ ಕರವಸ್ತ್ರ ತುರುಕಿದ್ದಳು. ಮಕ್ಕಳಿಬ್ಬರೂ ಮಂಚದ ಮೇಲಲ್ಲ, ಸೂಟ್‌ಕೇಸಿನ ಮೇಲೆ ಕುಳಿತಿದ್ದರು. ಚಿಕ್ಕವಳು ಅಳುತ್ತಿದ್ದಳು. ಹೊರಟುಬಿಡಬಹುದಿತ್ತಲ್ಲ ಅಂದರೆ, ಮ್ಯಾನೇಜರ್ ಅಕ್ಕನ ಆಧಾರ್ ಕಾರ್ಡು ಇಸಿದುಕೊಂಡು ಕೊಡಲೊಲ್ಲೆ ಎನ್ನುತ್ತಿದ್ದ.

ಕಾಕಾ ಮಂಚದ ಮೇಲಿನ ದಿಂಬನ್ನು ಎತ್ತಿಕೊಂಡರು. ಮೂಸಲಿಲ್ಲ. ನೇರ ಕೆಳಗೆ ಹೋಗಿ ಮ್ಯಾನೇಜರನ ಮೂಗಿಗೆ ಹಿಡಿದರು. “ಸೂಂಘ್. ತೂ ಠೀಕ್ ಬೋಲಾ ತೋ ಯೇ ಲೋಗ್ ಇಧರಿಚ್ ರಹೇಂಗೇ.” ಮೂಸಿ ನೀನು ಠೀಕ್ ಅಂದರೆ ಇವರು ಇಲ್ಲೇ ಇರುತ್ತಾರೆ ಎಂದು. ಅವನು ಮುಖ ತಿರುಗಿಸಿದ. ದಿಂಬು ಆ ಕಡೆ ಬಂತು. ಈ ಕಡೆ ತಿರುಗಿಸಿದ. ದಿಂಬು ಈ ಕಡೆ ಬಂತು. ಖೋಲಿ ಕೇಳಲು ಬಂದ ಇಬ್ಬರು ಇದನ್ನು ನೋಡಿ ಮೆಲ್ಲಗೆ ಜಾರಿಕೊಂಡರು. ಮ್ಯಾನೇಜರ್ ಡ್ರಾವರ್ ತೆಗೆದು ಕಾರ್ಡು ಬಿಸಾಕಿದ. ಕಾಕಾ ಅದನ್ನು ಕೈ ಕರವಸ್ತ್ರದಿಂದ ಒರೆಸಿ ಅಕ್ಕನಿಗೆ ಕೊಟ್ಟರು. ಆಮೇಲೆ ದಿಂಬನ್ನು ನನ್ನತ್ತ ಚಾಚಿ, “ನೀನೂ ಮೂಸು,” ಎಂದರು.

ಮೂಸಿದೆ. ಬೆವರು, ಹಳಸಿದ ಎಣ್ಣೆ, ಯಾರದೋ ವಾಂತಿ, ಎಲ್ಲದರ ಮೇಲೆ ಮಲ್ಲಿಗೆಯ ಸೆಂಟು. ಗಟಾರದ ಹತ್ತಿರ ಹೋಗಿ ಕರದಂಟನ್ನೆಲ್ಲ ಕಾರಿಕೊಂಡೆ.

“ಫೋನ್ ಯಾಕ ಎತ್ತಲಿಲ್ಲೋ ಶಿವು?” ಅಂತಷ್ಟೇ ಅಕ್ಕ ಕೇಳಿದಳು. ಮಕ್ಕಳಿಗೆ, “ನೋಡ್ರಿ, ಮಾಮಾ ಓಡಿ ಬಂದ,” ಎಂದಳು. ಮಕ್ಕಳು ನನ್ನ ಕೈ ಹಿಡಿದುಕೊಂಡವು. ನಾನು ಬಿಡಿಸಲು ಬಂದವನಂತೆಯೇ ನಿಂತೆ, ಆಮೇಲೆ ಡ್ಯೂಟಿಗೆ ಮರಳಿದೆ. ಕಾಕಾ ಅವರನ್ನು ಮೊದಲು ತಮ್ಮ ಖೋಲಿಗೆ ಕರೆದೊಯ್ದು ಕಾಕಿಯ ಕೈಯಿಂದ ಚಾ ಕೊಡಿಸಿ, ಪಾರ್ಲೆಯ ಲಾಜಿಗೆ ತಾವೇ ಬಿಟ್ಟು ಬಂದರು. ಅಲ್ಲಿ ಯಾವ ಪೈಪೂ ಒಡೆದಿರಲಿಲ್ಲ. ಮರುದಿನದಿಂದ ಕಾಕಾ ಕೆಲಸಕ್ಕೆ ಬರಲಿಲ್ಲ. ನಾನು? ಇನ್ನೂ ಮೂರು ತಿಂಗಳು ಅಲ್ಲೇ ಇದ್ದೆ. ಪರೇಲಿನ ಒಂದು ಆಫೀಸಿನಲ್ಲಿ ನೌಕರಿ ಸಿಕ್ಕ ಮೇಲೆ ಬಿಟ್ಟೆ. ಆ ಮೂರು ತಿಂಗಳಲ್ಲಿ ರಾಜೂನ ಫೋನು ಎತ್ತಲಿಲ್ಲ ಎಂದು ಹೇಳಿಕೊಳ್ಳಬೇಕೆನಿಸುತ್ತದೆ, ಆದರೆ ಒಂದೆರಡು ಸಲ ಎತ್ತಿದೆ.

ಹೋದ ವರ್ಷ ಕಾಕಾ ಮುಂಬಯಿ ಬಿಟ್ಟು ಮುದ್ದೇಬಿಹಾಳದ ಮಗಳ ಮನೆಗೆ ಹೊರಟರು. ಸುದ್ದಿ ಕೇಳಿ ಭೇಟಿಗೆ ಹೋದೆ. ಖೋಲಿಯಲ್ಲಿ ಚಾದರಗಳನ್ನು ಒಂದೊಂದಾಗಿ ಮಡಚುತ್ತ ಕುಳಿತಿದ್ದರು. ಒಂದು ತುದಿ ನನ್ನ ಕೈಗೆ ಕೊಟ್ಟರು, ಇಬ್ಬರೂ ಸೇರಿ ಮಡಚಿದೆವು. ಆ ದಿನದ ಮಾತು ನಾನೇ ಎತ್ತಿದೆ. ಅಕ್ಕನಿಗೆ ಏನೂ ಗೊತ್ತಾಗಲಿಲ್ಲ, ಅದೊಂದು ಪುಣ್ಯ, ಅಂದೆ.

ಕಾಕಾನ ಕೈ ನಿಂತಿತು. “ಅಕಿಗಿ ಗೊತ್ತಾಗಲಿಲ್ಲ ಅಂತ ತಿಳದೀಯೇನು? ಕನ್ನಡಾ ಕೇಳಿ ಕೌಂಟರಿನ ಪಾಳಿ ಬಿಟ್ಟು ಕಾರ್ ಹತ್ತಿದ್ಳಂತ. ಕಾರಿನಾಗ ಸ್ಪೀಕರ್ ಮ್ಯಾಲ ನೀ ಬಂದ್ ಹೈ ಅಂದೀಯಲ್ಲ, ಹಿಂದಿಯಾಗ ಅಂದ್ರ ದನಿ ಬದಲಾಗ್ತೈತೇನೋ? ಇದು ನಮ್ಮ ಶಿವುನ ದನಿ ಇದ್ದಂಗ ಐತಿ ಅಂತ ಮಕ್ಳಿಗಿ ಅಂದ್ಳಂತ. ಅದಕ್ಕ ನಂಬಿ ಹ್ವಾದ್ಳು. ಆ ದನಿ ಇರಲಿಕ್ಕಂದ್ರ ಅಕಿ ಅವಾಗ್ಲೇ ಕಾರಿಂದ ಇಳೀತಿದ್ಳು. ನಮ್ಮ ಖೋಲಿಯಾಗ ಕುಂತು ಎಲ್ಲಾ ಹೇಳಿದ್ಳು. ಅವನಿಗಿ ಹೇಳಬ್ಯಾಡ್ರಿ ಕಾಕಾ, ಸಣ್ಣಾಂವ ಅದಾನ, ನಾಚ್ತಾನ ಅಂತ ಆಣಿ ಹಾಕಿದ್ಳು.”

“ಮತ್ತ ಈಗ ಯಾಕ ಹೇಳ್ತೀರಿ?” ಎಂದೆ.

“ಊರಿಗಿ ಹೊಂಟೀನಿ. ಒಗದ ಬಟ್ಟಿ ಅಷ್ಟ ಕಟಗೊಂಡೀನಿ. ಈ ಹೊಲಸು ನನ್ನ ಗಂಟಿನಾಗ ಯಾಕ? ನಿಂದು, ನೀ ಇಟಗೋ.” ಚಾದರದ ತುದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಕೆ ಮುಗಿಸಿದರು. ಅದೇ ಕೊನೆಯ ಭೇಟಿ. ಊರಿಗೆ ಹೋದ ಕೆಲವೇ ತಿಂಗಳಲ್ಲಿ ತೀರಿಕೊಂಡರೆಂದು ಕಾಕಿ ಫೋನು ಮಾಡಿ ಹೇಳಿದರು.

ಅಕ್ಕ ಈಗಲೂ ಪ್ರತಿ ರವಿವಾರ ಫೋನು ಮಾಡುತ್ತಾಳೆ. ನಾನು ಹಲೋ ಅಂದ ಮೇಲೆ ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ, ಆಮೇಲೆ ಊಟ ಆತೇನೋ ಎಂದು ಕೇಳುತ್ತಾಳೆ. ಇಷ್ಟು ವರ್ಷ ಅದನ್ನು ನೆಟ್‌ವರ್ಕಿನ ತೊಂದರೆ ಅಂದುಕೊಂಡಿದ್ದೆ.